ತೈಲವರ್ಣದಲ್ಲಿ ಹಳ್ಳಿಯ ಭೂದೃಶ್ಯ: ಖಾಲಿ ಕ್ಯಾನ್ವಾಸಿನಿಂದ ವಾರ್ನಿಶ್‌ವರೆಗೆ

ಹೊಲ, ಮರ, ಮನೆ, ಕಾಲುದಾರಿಗಳಿರುವ ದೃಶ್ಯವನ್ನು ತೈಲವರ್ಣದಲ್ಲಿ ಬರೆಯಲು ಹೊರಟವರ ಮೊದಲ ಚಿತ್ರಗಳು ಹೆಚ್ಚುಕಡಿಮೆ ಒಂದೇ ರೀತಿಯಲ್ಲಿ ಕೆಡುತ್ತವೆ. ದೂರದ ಗುಡ್ಡವೂ ಕಾಲಬುಡದ ಹುಲ್ಲೂ ಒಂದೇ ಹಸಿರಿನಲ್ಲಿರುತ್ತವೆ, ಮರಗಳು ಆಕಾಶಕ್ಕೆ ಕತ್ತರಿಸಿ ಅಂಟಿಸಿದಂತೆ ಕಾಣುತ್ತವೆ, ನೆರಳುಗಳು ಮಸಿ ಬಳಿದಂತಾಗುತ್ತವೆ, ತಿದ್ದುತ್ತ ಹೋದಂತೆ ಇಡೀ ಕ್ಯಾನ್ವಾಸು ಕೆಸರುಬಣ್ಣಕ್ಕೆ ತಿರುಗುತ್ತದೆ. ಕೈ ಪಳಗಿಲ್ಲವೆಂದು ಕೊರಗಿ ಹಲವರು ಇಲ್ಲಿಗೇ ಬಿಟ್ಟುಬಿಡುತ್ತಾರೆ. ಈ ತೊಂದರೆಗಳ ಬೇರು ಬಹುಮಟ್ಟಿಗೆ ಕೆಲಸದ ಕ್ರಮದಲ್ಲಿರುತ್ತದೆ: ನೆರಳು–ಬೆಳಕಿನ ಮಟ್ಟಗಳು ಕೂಡಿಬರುವ ಮೊದಲೇ ಬಣ್ಣದ ಯೋಚನೆ, ಕ್ಯಾನ್ವಾಸು ತುಂಬುವ ಮೊದಲೇ ಎಲೆ ಮತ್ತು ಹೆಂಚುಗಳ ಯೋಚನೆ. ಆದ್ದರಿಂದ ಕೆಳಗಿನ ಹಂತಗಳನ್ನು ಹಿಂದುಮುಂದು ಮಾಡದೆ ಅನುಸರಿಸಬೇಕು.

## ಬೇಕಾಗುವ ಸಾಮಗ್ರಿ

ಬಣ್ಣದ ಆರು ಟ್ಯೂಬುಗಳು ಸಾಕು: ಟೈಟೇನಿಯಂ ವೈಟ್, ಕ್ಯಾಡ್ಮಿಯಂ ಯೆಲ್ಲೊ ಲೈಟ್, ಯೆಲ್ಲೊ ಓಕರ್ (ಮಣ್ಣಿನ ಹಳದಿ), ಬರ್ನ್ಟ್ ಸಿಯೆನ್ನಾ (ಕೆಂಪುಛಾಯೆಯ ಕಂದು), ಪರ್ಮನೆಂಟ್ ಅಲಿಜರಿನ್ ಕ್ರಿಮ್ಸನ್ (ಗಾಢ ಕೆಂಪು), ಅಲ್ಟ್ರಾಮರೀನ್ ಬ್ಲೂ. ಅಲಿಜರಿನ್‌ನಲ್ಲಿ ‘ಪರ್ಮನೆಂಟ್’ ಎಂದು ನಮೂದಾಗಿರುವುದನ್ನೇ ಆರಿಸಬೇಕು. ಹಳೆಯ ಮಾದರಿಯ ಅಲಿಜರಿನ್, ಅದರಲ್ಲೂ ಬಿಳಿಯೊಡನೆ ತೆಳುವಾಗಿ ಬೆರೆಸಿದಾಗ, ಬೆಳಕಿಗೆ ಮಾಸುತ್ತದೆ. ಕಪ್ಪು ಮತ್ತು ಸಿದ್ಧ ಹಸಿರು ಪಟ್ಟಿಯಲ್ಲಿ ಇಲ್ಲದಿರುವುದು ಉದ್ದೇಶಪೂರ್ವಕ. ಇವೆರಡೂ ಕೈಗೆ ಸಿಕ್ಕಿದರೆ ಬೆರೆಸುವುದನ್ನು ಕಲಿಯುವ ಅಗತ್ಯವೇ ಬೀಳುವುದಿಲ್ಲ.

ಕುಂಚಗಳಲ್ಲಿ ಹಂದಿಗೂದಲಿನ ಚಪ್ಪಟೆ ಅಥವಾ ಫಿಲ್ಬರ್ಟ್ (ತುದಿ ದುಂಡಾದ ಚಪ್ಪಟೆ) ಬ್ರಷ್‌ಗಳು 4, 6, 8, 10ನೇ ಅಳತೆಯಲ್ಲಿ ಒಂದೊಂದು, ರೆಂಬೆಗಳಿಗಾಗಿ ಉದ್ದ ಕೂದಲಿನ ಒಂದು ರಿಗ್ಗರ್, ಬಣ್ಣ ಬೆರೆಸಲು ಒಂದು ಪ್ಯಾಲೆಟ್ ನೈಫ್ ಇರಲಿ. ಬಣ್ಣವನ್ನು ಕುಂಚದಿಂದಲೇ ಬೆರೆಸುವ ಅಭ್ಯಾಸ ಒಳ್ಳೆಯದಲ್ಲ. ಕೂದಲಿನ ಬುಡದಲ್ಲಿ ಉಳಿದ ಹಳೆಯ ಬಣ್ಣ ಪ್ರತಿಯೊಂದು ಹೊಸ ಮಿಶ್ರಣಕ್ಕೂ ಇಳಿಯುತ್ತದೆ.

ತೆಳುಗೊಳಿಸಲು ಟರ್ಪೆಂಟೈನ್ ಅಥವಾ ವಾಸನೆರಹಿತ ಮಿನರಲ್ ಸ್ಪಿರಿಟ್, ಮೇಲಿನ ಪದರಗಳಿಗೆ ಶುದ್ಧೀಕರಿಸಿದ ಅಗಸೆ ಎಣ್ಣೆ ಬೇಕು. ಅಗಸೆ ಎಣ್ಣೆಯ ಬದಲಿಗೆ ಮನೆಯಲ್ಲಿರುವ ಯಾವುದೋ ಎಣ್ಣೆಯನ್ನು ಬಳಸುವ ಪ್ರಯೋಗ ಬೇಡ. ಅಗಸೆ ಎಣ್ಣೆಯು ಗಾಳಿಯ ಆಮ್ಲಜನಕವನ್ನು ಹೀರಿ ಗಟ್ಟಿ ಪೊರೆಯಾಗುತ್ತದೆ; ತೆಂಗಿನೆಣ್ಣೆ, ಆಲಿವ್ ಎಣ್ಣೆಗಳಂಥವು ಎಷ್ಟು ಕಾದರೂ ಹಾಗೆ ಗಟ್ಟಿಯಾಗುವುದಿಲ್ಲ.

ಸುರಕ್ಷತೆಯ ಮೂರು ಮಾತುಗಳನ್ನು ಮೊದಲೇ ಹೇಳಬೇಕು. ಕಿಟಕಿ ತೆರೆದಿರುವ ಕೋಣೆಯಲ್ಲಿಯೇ ಕೆಲಸ ಮಾಡಬೇಕು. ಕ್ಯಾಡ್ಮಿಯಂ ಬಣ್ಣಗಳನ್ನು ಬೆರಳಿನಿಂದ ಬಳಿಯಬಾರದು, ಕುಂಚದ ಮೊನೆಯನ್ನು ಬಾಯಿಗಿಡಬಾರದು. ಅಗಸೆ ಎಣ್ಣೆ ಹೀರಿದ ಬಟ್ಟೆಯನ್ನು ಮುದ್ದೆಮಾಡಿ ಮೂಲೆಗೆಸೆಯಬಾರದು: ಎಣ್ಣೆ ಒಣಗುವಾಗ ಹುಟ್ಟುವ ಶಾಖ ಮುದ್ದೆಯೊಳಗೇ ಕೂಡಿಕೊಂಡು, ಹೊರಗಿನ ಕಿಡಿಯಿಲ್ಲದೆಯೂ ಬಟ್ಟೆ ಹೊತ್ತಿಕೊಳ್ಳಬಹುದು. ಅಂಥ ಬಟ್ಟೆಯನ್ನು ನೀರಿನಲ್ಲಿ ನೆನೆಸಿ, ಮುಚ್ಚಳವಿರುವ ಲೋಹದ ಡಬ್ಬಿಯಲ್ಲಿ ಹಾಕಿಡಬೇಕು.

## 1. ಕ್ಯಾನ್ವಾಸಿಗೆ ಹಿನ್ನೆಲೆ ಬಣ್ಣ

ಮೊದಲ ಚಿತ್ರಗಳಿಗೆ 30×40 ಸೆಂ.ಮೀ. ಆಸುಪಾಸಿನ ಅಳತೆ ಸೂಕ್ತ. ಗೆಸ್ಸೊ, ಅಂದರೆ ಎಣ್ಣೆ ಬಟ್ಟೆಗಿಳಿಯದಂತೆ ತಡೆಯುವ ಬಿಳಿಯ ತಳಲೇಪ, ಬಳಿಯದ ಬಟ್ಟೆಯ ಮೇಲೆ ನೇರವಾಗಿ ಬಣ್ಣ ಹಚ್ಚಿದರೆ ಎಣ್ಣೆ ನೂಲಿಗಿಳಿದು ಕ್ರಮೇಣ ಬಟ್ಟೆಯನ್ನು ಕೊಳೆಸುತ್ತದೆ. ಸಿದ್ಧ ಕ್ಯಾನ್ವಾಸಿನಲ್ಲೂ ಹೀರಿಕೆ ಹೆಚ್ಚಿದ್ದರೆ ಇನ್ನೊಂದು ಪದರ ಗೆಸ್ಸೊ ಬಳಿದು, ಒಣಗಿದ ಮೇಲೆ ನಯವಾದ ಸ್ಯಾಂಡ್‌ಪೇಪರಿನಿಂದ ಹಗುರವಾಗಿ ಉಜ್ಜಬೇಕು.

ಬಳಿಕ ಬರ್ನ್ಟ್ ಸಿಯೆನ್ನಾವನ್ನು ಟರ್ಪೆಂಟೈನ್‌ನಲ್ಲಿ ತೆಳುಮಾಡಿ ಇಡೀ ಕ್ಯಾನ್ವಾಸಿಗೆ ಸವರಿ, ಬಟ್ಟೆಯಿಂದ ಒರೆಸಿ ಒಂದೆರಡು ದಿನ ಒಣಗಲು ಬಿಡಬೇಕು. ಬೆಳ್ಳನೆಯ ಹಿನ್ನೆಲೆಯ ಮೇಲೆ ಯಾವ ಬಣ್ಣವಿಟ್ಟರೂ ಅದು ನಿಜಕ್ಕಿಂತ ಗಾಢವಾಗಿ ತೋರುವುದರಿಂದ ಹೊಸಬರು ಎಲ್ಲವನ್ನೂ ಅಂಜಿಕೆಯಿಂದ ಪೇಲವವಾಗಿಯೇ ಬರೆಯುತ್ತಾರೆ. ನಡುಮಟ್ಟದ ಕಂದು ಹಿನ್ನೆಲೆ ಆ ಭ್ರಮೆಯನ್ನು ನೀಗುತ್ತದೆ. ಜೊತೆಗೆ, ಹಸಿರಿನ ಸಂದುಗಳಲ್ಲಿ ಅಲ್ಲಲ್ಲಿ ಇಣುಕುವ ಈ ಬೆಚ್ಚನೆಯ ಬಣ್ಣ ಹಸಿರಿನ ಏಕತಾನತೆಯನ್ನು ತಾನಾಗಿಯೇ ಮುರಿಯುತ್ತದೆ.

## 2. ದೃಶ್ಯದ ಆಯ್ಕೆ ಮತ್ತು ಚಿಕ್ಕ ಕರಡುಗಳು

ದೃಶ್ಯದಲ್ಲಿ ಕಂಡದ್ದನ್ನೆಲ್ಲ ಚಿತ್ರಕ್ಕೆ ತರಬೇಕಿಲ್ಲ. ಒಂದು ಮನೆ, ಒಂದು ಮರಗಳ ಗುಂಪು, ಒಂದು ದಾರಿ, ಹಿಂದೆ ಗುಡ್ಡದ ಸಾಲು, ಇಷ್ಟೇ ಇರುವ ದೃಶ್ಯ ಕಲಿಕೆಗೆ ತಕ್ಕದ್ದು. ಬಂಡಿ, ಬಾವಿ, ದನ, ಕೊಡ ಹೊತ್ತ ಹೆಂಗಸು ಇವನ್ನೆಲ್ಲ ಒಂದೇ ಚೌಕಟ್ಟಿನಲ್ಲಿ ತುರುಕಿದ ಚಿತ್ರದಲ್ಲಿ ಕಣ್ಣಿಗೆ ನಿಲ್ಲುವ ಜಾಗವೇ ಇರುವುದಿಲ್ಲ, ಹಳ್ಳಿಯೂ ಕ್ಯಾಲೆಂಡರಿನ ಹಳ್ಳಿಯಾಗಿಬಿಡುತ್ತದೆ.

ಬೆಂಕಿಪೊಟ್ಟಣದ ಎರಡರಷ್ಟು ಗಾತ್ರದ ಮೂರು ನಾಲ್ಕು ಚೌಕಗಳಲ್ಲಿ ಪೆನ್ಸಿಲ್ ಕರಡುಗಳನ್ನು ಮಾಡಬೇಕು. ದಿಗಂತರೇಖೆ ಚೌಕದ ನಟ್ಟನಡುವೆ ಬಾರದಂತೆ, ಆಕಾಶಕ್ಕೆ ಹೆಚ್ಚು ಜಾಗವೋ ನೆಲಕ್ಕೆ ಹೆಚ್ಚು ಜಾಗವೋ ಎಂಬುದನ್ನು ಇಲ್ಲಿಯೇ ತೀರ್ಮಾನಿಸಬೇಕು. ದಾರಿಯು ಚಿತ್ರದ ಕೆಳಮೂಲೆಯಿಂದಲೇ ಕರಾರುವಾಕ್ಕಾಗಿ ಹೊರಟರೆ ಕಣ್ಣು ಆ ಮೂಲೆಯಿಂದ ಹೊರಜಾರುತ್ತದೆ. ಅದನ್ನು ಮೂಲೆಯಿಂದ ಸ್ವಲ್ಪ ಸರಿಸಬೇಕು.

ಹೊರಗೆ ಕುಳಿತು ಬರೆಯುವವರು ಈ ಕರಡಿನಲ್ಲಿ ನೆರಳುಗಳ ದಿಕ್ಕನ್ನೂ ಗುರುತಿಸಿಟ್ಟುಕೊಳ್ಳಬೇಕು. ಎರಡು ಗಂಟೆಗಳಲ್ಲಿ ಸೂರ್ಯ ಸಾಕಷ್ಟು ಸರಿದಿರುತ್ತಾನೆ. ಗೋಡೆಯ ಮೇಲೆ ಬೆಳಗಿನ ನೆರಳನ್ನೂ ದಾರಿಯ ಮೇಲೆ ಮಧ್ಯಾಹ್ನದ ನೆರಳನ್ನೂ ಬರೆದಿರುವ ಚಿತ್ರಗಳು ಹುಟ್ಟುವುದು ಈ ಅಂತರದಲ್ಲಿ.

## 3. ನಾಲ್ಕು ಟೋನ್‌ಗಳು

ಎಲ್ಲಕ್ಕಿಂತ ಹೆಚ್ಚು ಹೊತ್ತು ಕೊಡಬೇಕಾದ ಹಂತವಿದು. ಹೆಚ್ಚಿನವರು ಹಾರಿ ದಾಟುವುದೂ ಇದನ್ನೇ. ಟೋನ್ ಎಂದರೆ ಒಂದು ಬಣ್ಣ ಎಷ್ಟು ತಿಳಿ, ಎಷ್ಟು ಗಾಢ ಎಂಬ ಮಟ್ಟ. ಅದು ಹಸಿರೋ ಕೆಂಪೋ ಎಂಬುದಕ್ಕೆ ಇಲ್ಲಿ ಲೆಕ್ಕವಿಲ್ಲ. ಕಣ್ಣನ್ನು ಅರೆಮುಚ್ಚಿ ದೃಶ್ಯವನ್ನು ನೋಡಿದರೆ ಎಲೆ, ಕಲ್ಲು, ಹುಲ್ಲುಗಳ ವಿವರ ಅಳಿಸಿಹೋಗಿ ಕೆಲವೇ ದೊಡ್ಡ ಆಕಾರಗಳು ಉಳಿಯುತ್ತವೆ. ಆ ಆಕಾರಗಳನ್ನು ನಾಲ್ಕು ಮಟ್ಟಗಳಲ್ಲಿ ವಿಂಗಡಿಸಬೇಕು.

ಸಾಮಾನ್ಯ ಹಗಲಿನಲ್ಲಿ ಬೆಳಕಿನ ಮೂಲವಾದ ಆಕಾಶ ಎಲ್ಲಕ್ಕಿಂತ ತಿಳಿ. ಆಕಾಶಕ್ಕೆ ಮುಖವೊಡ್ಡಿ ಮಲಗಿರುವ ಸಮತಟ್ಟು ನೆಲ, ಅಂದರೆ ಹೊಲ ಮತ್ತು ದಾರಿ, ಅದರ ನಂತರದ್ದು. ಓರೆಯಾಗಿರುವ ಗುಡ್ಡದ ಇಳಿಜಾರು, ಹುಲ್ಲಿನ ಮಾಡು ಮೂರನೆಯದು. ನೆಟ್ಟಗೆ ನಿಂತ ಮರಗಳು ಎಲ್ಲಕ್ಕಿಂತ ಗಾಢ. ಬಿಸಿಲು ನೇರವಾಗಿ ಬಿದ್ದ ಸುಣ್ಣದ ಗೋಡೆ, ಮಳೆಮೋಡದ ಆಕಾಶ, ತೀರಾ ದೂರದ ಗುಡ್ಡ ಮುಂತಾದ ಅಪವಾದಗಳಿವೆ. ಆದರೂ ಮೊದಲು ಈ ನಿಯಮವನ್ನಿಟ್ಟುಕೊಂಡು, ಅಪವಾದವನ್ನು ಕಣ್ಣಾರೆ ಕಂಡಾಗ ಮಾತ್ರ ಸಡಿಲಿಸುವುದು ಕ್ಷೇಮ.

ಹೊಸಬರು ಇಲ್ಲಿ ಎಡವುವುದು ನೆಲದ ಟೋನಿನಲ್ಲಿ. ಹುಲ್ಲು ಹಸಿರು, ಮರವೂ ಹಸಿರು ಎಂದು ಎರಡನ್ನೂ ಒಂದೇ ಮಟ್ಟದಲ್ಲಿಟ್ಟರೆ ನೆಲ ಗೋಡೆಯಂತೆ ಎದ್ದು ನಿಲ್ಲುತ್ತದೆ. ಸಂದೇಹ ಬಂದರೆ ದೃಶ್ಯದ ಫೋಟೊ ತೆಗೆದು ಅದನ್ನು ಕಪ್ಪುಬಿಳುಪಿಗೆ ಬದಲಿಸಿ ನೋಡಬಹುದು. ಆದರೆ ಕ್ಯಾಮೆರಾ ನೆರಳುಗಳನ್ನು ಕಣ್ಣಿಗೆ ಕಾಣುವುದಕ್ಕಿಂತ ಕಪ್ಪಾಗಿಸುವುದುಂಟು. ಹೋಲಿಕೆಗೆ ಮಾತ್ರ ಅದನ್ನು ಬಳಸಬೇಕು.

## 4. ಕ್ಯಾನ್ವಾಸಿನ ಮೇಲೆ ರೇಖೆ ಮತ್ತು ಅಡಿಪದರ

ಬರ್ನ್ಟ್ ಸಿಯೆನ್ನಾಕ್ಕೆ ಚೂರು ಅಲ್ಟ್ರಾಮರೀನ್ ಸೇರಿಸಿ, ಟರ್ಪೆಂಟೈನ್‌ನಿಂದ ತೆಳುಮಾಡಿ, 4ನೇ ಕುಂಚದಲ್ಲಿ ದೊಡ್ಡ ಆಕಾರಗಳ ಗಡಿಗಳನ್ನು ಮಾತ್ರ ಎಳೆಯಬೇಕು. ಪೆನ್ಸಿಲಿನಲ್ಲಿ ಕಿಟಕಿಯ ಸರಳುಗಳವರೆಗೆ ಬಿಡಿಸಿಟ್ಟರೆ ಮುಂದೆ ಆ ಗೆರೆಗಳನ್ನು ಕಾಪಾಡುವುದೇ ಕೆಲಸವಾಗಿ, ಕುಂಚ ಸಹಜವಾಗಿ ಓಡುವುದಿಲ್ಲ.

ದಿಗಂತರೇಖೆ ನೋಡುವವನ ಕಣ್ಣಿನ ಎತ್ತರದಲ್ಲಿರುತ್ತದೆ. ಮನೆಯ ಮಾಡು ಕಣ್ಣಿಗಿಂತ ಮೇಲಿದ್ದರೆ ಅದರ ಅಡ್ಡರೇಖೆಗಳು ದೂರ ಸರಿದಂತೆ ಕೆಳಗಿಳಿಯುತ್ತವೆ, ಜಗಲಿಯ ಅಂಚು ಕಣ್ಣಿಗಿಂತ ಕೆಳಗಿದ್ದರೆ ಮೇಲೇರುತ್ತದೆ. ಮನೆಯ ಒಂದು ಪಾರ್ಶ್ವದ ಇಂಥ ರೇಖೆಗಳೆಲ್ಲ ದಿಗಂತರೇಖೆಯ ಒಂದೇ ಬಿಂದುವಿನತ್ತ ಸಾಗಬೇಕು. ಸಮತಟ್ಟಾದ ನೆಲದಲ್ಲಿ ನಿಂತುಕೊಂಡು ನೋಡಿದ ದೃಶ್ಯವಾದರೆ, ಹತ್ತಿರದವರಾಗಲಿ ದೂರದವರಾಗಲಿ ನಿಂತಿರುವ ವಯಸ್ಕರ ತಲೆಗಳು ಸರಿಸುಮಾರು ದಿಗಂತರೇಖೆಯ ಮಟ್ಟಕ್ಕೇ ಬರುತ್ತವೆ. ದೂರ ಹೋದಂತೆ ಮೇಲೇರುವುದು ಪಾದಗಳು. ಹೊಲದಲ್ಲಿ ತೇಲುವಂತೆ ಕಾಣುವ ಮನುಷ್ಯಾಕೃತಿಗಳನ್ನು ಈ ಒಂದು ನಿಯಮದಿಂದ ನೆಲಕ್ಕಿಳಿಸಬಹುದು.

ರೇಖೆಗಳಾದ ಮೇಲೆ ಅದೇ ತೆಳು ಕಂದಿನಿಂದ ಮೂರನೆಯ ಹಂತದಲ್ಲಿ ವಿಂಗಡಿಸಿದ ನಾಲ್ಕು ಟೋನ್‌ಗಳನ್ನು ತುಂಬಬೇಕು. ಗಾಢ ಭಾಗಗಳಿಗೆ ಬಣ್ಣ ಸವರುವುದು, ಬೆಳಕಿನ ಭಾಗಗಳನ್ನು ಬಟ್ಟೆಯಿಂದ ಒರೆಸಿ ತಿಳಿಗೊಳಿಸುವುದು, ಇಷ್ಟೇ ಕೆಲಸ. ಈಗ ಎರಡು ಮೂರು ಮೀಟರ್ ದೂರದಿಂದ ನೋಡಿದಾಗ ದೃಶ್ಯ ಇಂಥದ್ದೆಂದು ತಿಳಿಯಬೇಕು. ತಿಳಿಯದಿದ್ದರೆ ಮುಂದೆ ಎಷ್ಟು ಬಣ್ಣ ಹಚ್ಚಿದರೂ ತಿಳಿಯುವುದಿಲ್ಲ; ಒರೆಸಿ ಮತ್ತೆ ಮಾಡಬೇಕು.

## 5. ಬಣ್ಣಗಳನ್ನು ಮೊದಲೇ ಬೆರೆಸಿಟ್ಟುಕೊಳ್ಳುವುದು

ಕ್ಯಾನ್ವಾಸಿಗೆ ಕುಂಚ ತಾಗಿಸುವ ಮೊದಲು ಎಂಟು ಹತ್ತು ಮಿಶ್ರಣಗಳ ಗುಡ್ಡೆಗಳು ಪ್ಯಾಲೆಟ್ಟಿನ ಮೇಲೆ ಸಿದ್ಧವಿರಬೇಕು. ಬಣ್ಣವನ್ನು ಕಡಲೆಕಾಳಿನಷ್ಟು ಹಿಂಡಿಕೊಂಡು ಇಡೀ ಆಕಾಶಕ್ಕೆ ಎಳೆದಾಡಿಸುವ ಜಿಪುಣತನದಿಂದ ಕಲೆಕಲೆಯಾದ ಒಣ ಮೇಲ್ಮೈ ಮಾತ್ರ ಸಿಗುತ್ತದೆ.

ಹಸಿರಿನ ವಿಷಯದಲ್ಲಿ ತುಸು ನಿಧಾನಿಸಬೇಕು. ಅಲ್ಟ್ರಾಮರೀನ್ ಒಂದು ಪಾಲಿಗೆ ಕ್ಯಾಡ್ಮಿಯಂ ಯೆಲ್ಲೊ ಎರಡು ಮೂರು ಪಾಲು ಸೇರಿಸಿದರೆ ಮಧ್ಯಮ ಹಸಿರು ಬರುತ್ತದೆ. ಅದನ್ನು ಮೂರು ಗುಡ್ಡೆಗಳಾಗಿ ಹಂಚಬೇಕು. ಮೊದಲನೆಯದಕ್ಕೆ ಇನ್ನಷ್ಟು ಹಳದಿ, ಚೂರು ಓಕರ್ ಮತ್ತು ಬಿಳಿ ಸೇರಿದರೆ ಬಿಸಿಲು ಬಿದ್ದ ಹುಲ್ಲು. ಎರಡನೆಯದಕ್ಕೆ ಬರ್ನ್ಟ್ ಸಿಯೆನ್ನಾ ಸೇರುತ್ತಿದ್ದಂತೆ ಟ್ಯೂಬಿನ ಹೊಳಪು ಅಡಗಿ ನಿಜವಾದ ಎಲೆಗಳ ಹಸಿರು ಕಾಣಿಸಿಕೊಳ್ಳುತ್ತದೆ. ಮೂರನೆಯದಕ್ಕೆ ಅಲ್ಟ್ರಾಮರೀನ್ ಮತ್ತು ಒಂದಿಷ್ಟು ಅಲಿಜರಿನ್ ಸೇರಿದರೆ ಮರದ ನೆರಳುಭಾಗ. ಕೆಂಪಿನ ಅಂಶವಿಲ್ಲದ ಹಸಿರು ಪ್ಲಾಸ್ಟಿಕ್ಕಿನಂತೆ ಕಾಣುತ್ತದೆಯೆಂಬುದನ್ನು ಈ ಮೂರು ಗುಡ್ಡೆಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಯಾರೂ ಬಿಡಿಸಿ ಹೇಳಬೇಕಿಲ್ಲ. ದೂರದ ಮರಗಳಿಗೆ ಹಳದಿಯನ್ನು ತೀರ ಇಳಿಸಿ, ಆಕಾಶದ ಮಿಶ್ರಣವನ್ನೇ ಹಸಿರಿಗೆ ಸೇರಿಸುತ್ತ ಹೋಗಬೇಕು.

ಅತಿ ಗಾಢ ಬಣ್ಣಕ್ಕೆ ಅಲ್ಟ್ರಾಮರೀನ್ ಮತ್ತು ಬರ್ನ್ಟ್ ಸಿಯೆನ್ನಾ ಸಾಕು. ನೀಲಿ ಹೆಚ್ಚಾದರೆ ತಣ್ಣನೆಯ ಕಪ್ಪು, ಕಂದು ಹೆಚ್ಚಾದರೆ ಬೆಚ್ಚನೆಯ ಕಪ್ಪು ದೊರೆಯುತ್ತದೆ. ಇದಕ್ಕೇ ಬಿಳಿ ಸೇರಿದರೆ ಬಗೆಬಗೆಯ ಬೂದುಗಳು.

## 6. ಮೊದಲ ಬಣ್ಣದ ಪದರ

ಈ ಪದರದ ಬಣ್ಣಕ್ಕೆ ತುಸು ಟರ್ಪೆಂಟೈನ್ ಸೇರಿರಲಿ. 8 ಮತ್ತು 10ನೇ ಕುಂಚಗಳನ್ನು ಬಿಟ್ಟು ಬೇರೆಯದನ್ನು ಮುಟ್ಟಬಾರದು. ಕಂದು ಹಿನ್ನೆಲೆಯ ಬಹುಭಾಗ ಮುಚ್ಚುವವರೆಗೆ ಯಾವ ವಿವರಕ್ಕೂ ಕೈಹಾಕಬಾರದು.

ಆರಂಭ ಆಕಾಶದಿಂದ. ನೆತ್ತಿಯ ಭಾಗದ ನೀಲಿ ಗಾಢವಾಗಿದ್ದು, ಕೆಳಗಿಳಿದಂತೆ ತಿಳಿಯಾಗುತ್ತ, ದಿಗಂತದ ಬಳಿ ಬಿಳಿಗೆ ಓಕರಿನ ಸುಳಿವು ಸೇರಿದ ಬೆಚ್ಚನೆಯ ಬಣ್ಣವಾಗುತ್ತದೆ. ಮೋಡಗಳು ಮೇಲ್ಭಾಗದಲ್ಲಿ ದೊಡ್ಡವಾಗಿಯೂ ದಿಗಂತದ ಬಳಿ ಚಿಕ್ಕ, ಚಪ್ಪಟೆ ಪಟ್ಟಿಗಳಾಗಿಯೂ ಇರಬೇಕು. ಅವುಗಳ ಅಡಿಭಾಗಕ್ಕೆ ಮೇಲೆ ಹೇಳಿದ ಬೂದು ಸಾಕು. ಆಕಾಶದ ಬಣ್ಣವನ್ನು ಮರಗಳ ಗಡಿಯೊಳಕ್ಕೂ ಸ್ವಲ್ಪ ನುಗ್ಗಿಸಬೇಕು. ಗಡಿಯಲ್ಲಿ ಸರಿಯಾಗಿ ನಿಲ್ಲಿಸಿದರೆ ಮರದ ಸುತ್ತ ಹಿನ್ನೆಲೆಯ ಕಂದು ಹೊರರೇಖೆಯೊಂದು ಉಳಿದು ಕಾಡುತ್ತದೆ.

ನಂತರ ದೂರದ ಗುಡ್ಡ. ನಡುವಿನ ಗಾಳಿಯಲ್ಲಿ ಬೆಳಕು ಚದುರುವುದರಿಂದ ದೂರದ ವಸ್ತುಗಳು ತಿಳಿಯಾಗಿ, ನೀಲಿಯಾಗಿ, ನೆರಳು–ಬೆಳಕಿನ ಅಂತರ ಕಡಿಮೆಯಾಗಿ ಕಾಣುತ್ತವೆ. ಗುಡ್ಡದ ಅಂಚು ಹಸಿ ಆಕಾಶದೊಡನೆ ತುಸು ಕಲೆತರೆ ಒಳ್ಳೆಯದೇ. ಅಲ್ಲಿಂದ ನಡುವಣ ಹೊಲ, ಮರಗಳ ಗುಂಪು, ಮನೆ, ಕೊನೆಗೆ ಮುನ್ನೆಲೆ ಹೀಗೆ ಹಿಂದಿನಿಂದ ಮುಂದಕ್ಕೆ ಬರಬೇಕು. ಪ್ರತಿಯೊಂದು ಭಾಗದಲ್ಲೂ ಮೊದಲು ನೆರಳು, ಆಮೇಲೆ ಬೆಳಕು. ನೆರಳುಗಳು ತೆಳುವಾಗಿರಲಿ, ಬಿಳಿ ಬೆರೆತ ದಪ್ಪ ಬಣ್ಣ ನೆರಳಿಗೆ ಬಿದ್ದರೆ ಅದರ ಆಳ ಸುಣ್ಣದ ನೀರಿನಂತೆ ಮಬ್ಬಾಗುತ್ತದೆ.

ಪ್ರತಿ ನಾಲ್ಕೈದು ಬಳಿತಗಳಿಗೊಮ್ಮೆ ಕುಂಚವನ್ನು ಬಟ್ಟೆಯಲ್ಲಿ ಒರೆಸಬೇಕು. ಟರ್ಪೆಂಟೈನ್‌ನಲ್ಲಿ ಪದೇಪದೇ ಅದ್ದಿದರೆ ಕುಂಚದಲ್ಲುಳಿದ ದ್ರವ ಮುಂದಿನ ಬಣ್ಣವನ್ನು ನೀರಾಗಿಸುತ್ತದೆ. ಮೊದಲ ಪದರ ಮುಗಿದ ಮೇಲೆ ಕ್ಯಾನ್ವಾಸನ್ನು ಒಣಗಲು ಬಿಡಬೇಕು. ಕಂದು ಬಣ್ಣಗಳು ಬೇಗ, ಬಿಳಿ ಮತ್ತು ಅಲಿಜರಿನ್ ನಿಧಾನವಾಗಿ ಒಣಗುವುದರಿಂದ ದಿನಗಳನ್ನು ಎಣಿಸುವ ಬದಲು ಅಂಚಿನ ಬಣ್ಣವನ್ನು ಕೈಗವಸಿನ ಬೆರಳಿನಿಂದ ಮುಟ್ಟಿ ನೋಡುವುದು ಮೇಲು.

## 7. ಎರಡನೆಯ ಪದರ: ಮರ, ದಾರಿ, ನೀರು

ಮೊದಲ ಪದರಕ್ಕೆ ಟರ್ಪೆಂಟೈನ್ ಸೇರಿತ್ತು. ಈಗ ಟ್ಯೂಬಿನ ಬಣ್ಣವನ್ನು ಹಾಗೆಯೇ ಬಳಸಬೇಕು. ಇದರ ಮೇಲೆ ಇನ್ನೊಂದು ಪದರ ಬರುವುದಾದರೆ ಮಾತ್ರ ಆ ಮೇಲಿನ ಪದರಕ್ಕೆ ಹನಿಗಳ ಲೆಕ್ಕದಲ್ಲಿ ಅಗಸೆ ಎಣ್ಣೆ ಸೇರಲಿ, ಬಣ್ಣದ ಐದನೆಯ ಒಂದು ಭಾಗವನ್ನಂತೂ ಅದು ಮೀರಬಾರದು. ಮೇಲಿನ ಪದರದಲ್ಲಿ ಎಣ್ಣೆಯ ಅಂಶ ಕೆಳಗಿನದಕ್ಕಿಂತ ಹೆಚ್ಚಿರಬೇಕೆಂಬ ನಿಯಮಕ್ಕೆ ಕಾರಣ ಸರಳ: ಬೇಗ ಬಿರುಸಾಗುವ ಪದರ ಮೇಲಿದ್ದು, ಕೆಳಗಿನದು ಇನ್ನೂ ಮೆತ್ತಗಿದ್ದರೆ ಕಾಲಕ್ರಮದಲ್ಲಿ ಮೇಲ್ಮೈ ಬಿರಿಯುತ್ತದೆ. ತೈಲವರ್ಣದ ಮೇಲೆ ಅಕ್ರಿಲಿಕ್ ಬಣ್ಣವನ್ನೂ ಎಂದೂ ಹಚ್ಚಬಾರದು; ಅದು ಹಿಡಿದು ನಿಲ್ಲುವುದಿಲ್ಲ.

ಮರವನ್ನು ಎಲೆಗಳ ಮೊತ್ತವೆಂದು ಬಗೆಯದೆ, ಬೆಳಕಿನ ಮತ್ತು ನೆರಳಿನ ಗುಂಪುಗಳೆಂದು ನೋಡಬೇಕು. ಬೆಳಕು ಎಡದಿಂದ ಬರುತ್ತಿದ್ದರೆ ಪ್ರತಿಯೊಂದು ಗುಂಪಿನ ಎಡಮೇಲ್ಭಾಗಕ್ಕೆ ಮಾತ್ರ ಬಿಸಿಲಿನ ಹಸಿರನ್ನು 6ನೇ ಕುಂಚದಿಂದ, ಒತ್ತಡವಿಲ್ಲದೆ, ಇಟ್ಟು ಎತ್ತಬೇಕು. ಇಟ್ಟ ಮೇಲೆ ಮತ್ತೆ ತಟ್ಟಬಾರದು. ಬಿಡಿ ಎಲೆಗಳು ಮರದ ಹೊರ ಅಂಚಿನಲ್ಲಿ ಐದಾರು ಕಡೆ ಕಾಣಿಸಿದರೆ ಸಾಕು, ಉಳಿದದ್ದನ್ನು ನೋಡುವವರ ಕಣ್ಣೇ ತುಂಬಿಕೊಳ್ಳುತ್ತದೆ. ಕೊಂಬೆಗಳ ನಡುವೆ ಆಕಾಶ ಕಾಣುವ ಕಿಂಡಿಗಳನ್ನು ಮರೆಯಬಾರದು. ಆದರೆ ಕಿಂಡಿಗೆ ಹಾಕುವ ಬಣ್ಣ ತೆರೆದ ಆಕಾಶಕ್ಕಿಂತ ಒಂದು ಮಟ್ಟ ಗಾಢವಾಗಿರಬೇಕು. ಚಿಕ್ಕ ಕಿಂಡಿಗೂ ಅದೇ ತಿಳಿ ಬಣ್ಣವನ್ನು ಹಾಕಿದರೆ ಮರದ ಮೇಲೆ ದೀಪಗಳನ್ನು ತೂಗುಹಾಕಿದಂತಾಗುತ್ತದೆ.

ಮಣ್ಣಿನ ದಾರಿಗೆ ಓಕರ್, ಬಿಳಿ ಮತ್ತು ಚೂರು ಅಲಿಜರಿನ್ ಬೇಕು. ದಾರಿಯ ಮೇಲೆ ಬಿದ್ದ ಮರದ ನೆರಳನ್ನು ಕಪ್ಪಿನಿಂದ ಬರೆಯಬಾರದು: ದಾರಿಯದೇ ಬಣ್ಣಕ್ಕೆ ಅಲ್ಟ್ರಾಮರೀನ್ ಮತ್ತು ಅಲಿಜರಿನ್ ಸೇರಿಸಿದರೆ ಬಿಸಿಲಿನ ದಿನದ ನೇರಳೆಛಾಯೆಯ ನೆರಳು ದೊರೆಯುತ್ತದೆ. ಆ ನೆರಳು ಗಾಡಿಜಾಡಿನ ತಗ್ಗಿಗೆ ಇಳಿದು, ನಡುವಿನ ಹುಲ್ಲಿನ ದಿಣ್ಣೆಯನ್ನು ಏರಿ, ಮತ್ತೆ ಇಳಿಯಬೇಕು. ನೇರವಾದ ಒಂದು ಪಟ್ಟಿಯಾಗಿ ಎಳೆದುಬಿಟ್ಟರೆ ನೆಲದ ಉಬ್ಬುತಗ್ಗೆಲ್ಲ ಮಾಯವಾಗುತ್ತದೆ.

ಕೆರೆಯೋ ಹೊಂಡವೋ ಇದ್ದರೆ ಪ್ರತಿಬಿಂಬವನ್ನು ಮೊದಲು ಮೇಲಿಂದ ಕೆಳಕ್ಕೆ ಎಳೆದು, ಬಳಿಕ ಒಣ ಕುಂಚವನ್ನು ಅಡ್ಡಲಾಗಿ ಒಂದೆರಡು ಸಲ ಹಗುರವಾಗಿ ಸವರಬೇಕು. ಗಾಢ ವಸ್ತುವಿನ ಪ್ರತಿಬಿಂಬ ವಸ್ತುವಿಗಿಂತ ತುಸು ತಿಳಿಯಾಗಿಯೂ, ತಿಳಿ ವಸ್ತುವಿನದು ತುಸು ಗಾಢವಾಗಿಯೂ ಇರುತ್ತದೆ.

## 8. ವಿವರಗಳು

ಕಿಟಕಿಯ ಕತ್ತಲು, ಮಾಡಿನ ಅಂಚಿನ ಬೆಳಕು, ಬೇಲಿಯ ಗೂಟಗಳು, ರಿಗ್ಗರಿನಿಂದ ಒಂದೆರಡು ಒಣರೆಂಬೆಗಳು ಇವು ಕೊನೆಗೆ. ಕಣ್ಣು ತಂಗಬೇಕಾದ ಜಾಗವನ್ನು, ಉದಾಹರಣೆಗೆ ಮನೆಯ ಬಾಗಿಲನ್ನು, ಗೊತ್ತುಮಾಡಿಕೊಂಡು ಅತಿ ಸ್ಪಷ್ಟ ಅಂಚುಗಳನ್ನೂ ತಿಳಿ–ಗಾಢಗಳ ದೊಡ್ಡ ಅಂತರವನ್ನೂ ಅಲ್ಲಿಗೇ ಮೀಸಲಿಡಬೇಕು. ಮುನ್ನೆಲೆಯ ಹುಲ್ಲನ್ನು ಎಳೆಎಳೆಯಾಗಿ ಬಿಡಿಸುವ ಆಸೆ ಎಲ್ಲರಿಗೂ ಬರುತ್ತದೆ. ಹಾಗೆ ಮಾಡಿದರೆ ಚಿತ್ರದ ಬಾಗಿಲಿಗೇ ಬೇಲಿ ಹಾಕಿದಂತೆ.

## ಚಿತ್ರ ಕೆಡುತ್ತಿದೆಯೆಂಬುದರ ಸೂಚನೆಗಳು

ಹೊಸ ಬಣ್ಣ ಕ್ಯಾನ್ವಾಸಿನ ಮೇಲೆ ಕೂರದೆ ಕೆಳಗಿನದನ್ನು ಎಬ್ಬಿಸಿಕೊಂಡು ಬರುತ್ತಿದ್ದರೆ ಅಲ್ಲಿ ಹಸಿ ಬಣ್ಣ ಅತಿಯಾಗಿದೆ. ಆ ಜಾಗವನ್ನು ಪ್ಯಾಲೆಟ್ ನೈಫಿನಿಂದ ಕೆರೆದು ತೆಗೆದು, ಅಗತ್ಯವಿದ್ದರೆ ಒಣಗಿದ ಮೇಲೆ ಮುಂದುವರಿಯಬೇಕು. ಕೆರೆಯಲು ಮನಸ್ಸು ಬಾರದೆ ಮೇಲಿಂದ ಮೇಲೆ ತಿದ್ದುವುದರಿಂದಲೇ ಕೆಸರುಬಣ್ಣ ಹುಟ್ಟುವುದು. ಒಂದೇ ಮಿಶ್ರಣಕ್ಕೆ, ಬಿಳಿಯನ್ನು ಲೆಕ್ಕಿಸದೆ, ನಾಲ್ಕನೆಯ ಬಣ್ಣವನ್ನು ಸೇರಿಸುತ್ತಿದ್ದರೂ ಅದೇ ಎಚ್ಚರಿಕೆ.

ಎಲ್ಲೆಡೆಯೂ ಬಿಳಿ ಬೆರೆತು ಚಿತ್ರ ಮಂಕಾಗಿದ್ದರೆ ನೆರಳುಗಳನ್ನು ಬಿಳಿಯಿಲ್ಲದ ಮಿಶ್ರಣದಿಂದ ಮತ್ತೆ ಆಳಗೊಳಿಸಬೇಕು. ಒಣಗಿದ ಚಿತ್ರದಲ್ಲಿ ಗಾಢ ಭಾಗಗಳು ಹೊಳಪುಗೆಟ್ಟು ಬೂದಾಗಿ ಕಂಡರೆ ಗಾಬರಿ ಬೇಡ. ಕೆಳಪದರ ಎಣ್ಣೆಯನ್ನು ಹೀರಿಕೊಂಡಿರುತ್ತದೆ. ಮುಟ್ಟಿದರೆ ಅಂಟದಷ್ಟು ಒಣಗಿದ ಮೇಲೆ ಆ ಜಾಗಕ್ಕೆ ಅತಿ ತೆಳುವಾಗಿ ಅಗಸೆ ಎಣ್ಣೆ ಸವರಿ, ಹೆಚ್ಚಾದದ್ದನ್ನು ಪೂರ್ತಿಯಾಗಿ ಒರೆಸಿ ತೆಗೆದರೆ ಬಣ್ಣದ ಆಳ ಮರಳುತ್ತದೆ. ತಪ್ಪೇನೆಂದು ತಿಳಿಯದೆ ಕಸಿವಿಸಿಯಾದಾಗ ಚಿತ್ರವನ್ನು ಕನ್ನಡಿಯಲ್ಲಿ ನೋಡಬೇಕು. ವಾಲಿದ ಗೋಡೆ, ಒಂದೇ ಎತ್ತರದ ಮರಗಳು ತಟ್ಟನೆ ಕಣ್ಣಿಗೆ ಹೊಡೆಯುತ್ತವೆ.

## 9. ಒಣಗಿಸುವುದು ಮತ್ತು ವಾರ್ನಿಶ್

ಮುಗಿದ ಚಿತ್ರವನ್ನು ಧೂಳಿಲ್ಲದ, ಬೆಳಕು ಮತ್ತು ಗಾಳಿಯಿರುವ ಕೋಣೆಯಲ್ಲಿಡಬೇಕು. ಕತ್ತಲಲ್ಲಿಟ್ಟರೆ ಅಗಸೆ ಎಣ್ಣೆ ಹಳದಿಗೆ ತಿರುಗುತ್ತದೆ. ಬಿಸಿಲಿಗೊಡ್ಡಿ ಅವಸರಪಡಿಸುವುದೂ ಸಲ್ಲದು. ಮೇಲ್ಮೈ ಮುಟ್ಟಿದರೆ ಅಂಟದಿರುವುದಕ್ಕೂ ಪದರ ಒಳಗಿನವರೆಗೆ ಒಣಗುವುದಕ್ಕೂ ಬಹಳ ಅಂತರವಿದೆ. ಆದ್ದರಿಂದ ಸಾಂಪ್ರದಾಯಿಕ ವಾರ್ನಿಶ್‌ಗೆ ಕನಿಷ್ಠ 6 ತಿಂಗಳು, ದಪ್ಪ ಬಣ್ಣವಿದ್ದರೆ ಒಂದು ವರ್ಷ ಕಾಯುವುದು ರೂಢಿ. ಅದಕ್ಕೂ ಮೊದಲು ಚಿತ್ರವನ್ನು ಗೋಡೆಗೆ ತೂಗುಹಾಕುವುದಿದ್ದರೆ ತಾತ್ಕಾಲಿಕ ಲೇಪವಾದ ತೆಳು ರೀಟಚಿಂಗ್ ವಾರ್ನಿಶ್ ಬಳಸಬಹುದು. ವಾರ್ನಿಶ್ ಹಚ್ಚುವ ದಿನ ಮೃದು ಕುಂಚದಿಂದ ಧೂಳು ತೆಗೆದು, ಚಿತ್ರವನ್ನು ಮೇಜಿನ ಮೇಲೆ ಸಮತಟ್ಟಾಗಿ ಮಲಗಿಸಿ, ಅಗಲವಾದ ಕುಂಚದಿಂದ ಒಂದೇ ದಿಕ್ಕಿನಲ್ಲಿ ತೆಳುವಾಗಿ ಎಳೆಯಬೇಕು. ಒಮ್ಮೆ ಎಳೆದ ಜಾಗಕ್ಕೆ ಅದು ಒಣಗುವ ಮೊದಲು ಮತ್ತೆ ಕುಂಚ ತಾಗಿಸಬಾರದು.